ಓಟದ ಕುದುರೆಗಳಲ್ಲಿ ಭ್ರೂಣ ವರ್ಗಾವಣೆ ಮತ್ತು ತಳಿ ನೋಂದಣಿ ನಿಯಮಗಳು: ಕುದುರೆ ಮಾಲೀಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ದನ ಮತ್ತು ಎಮ್ಮೆಗಳಲ್ಲಿ ಭ್ರೂಣ ವರ್ಗಾವಣೆ ತಂತ್ರಜ್ಞಾನವು ರೈತರಿಗೆ ಈಗಾಗಲೇ ಪರಿಚಿತವಾಗಿದೆ. ಕುದುರೆಗಳಲ್ಲಿಯೂ ಈ ತಂತ್ರಜ್ಞಾನವನ್ನು ಅಳವಡಿಸಿಕೊಳ್ಳಲು ಸಾಧ್ಯವಿದ್ದು, ಅಮೆರಿಕ ಮೊದಲಾದ ದೇಶಗಳ ಹಾರ್ನೆಸ್ ಓಟದ ಕುದುರೆಗಳಲ್ಲಿ ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಆದರೆ ಹಸುವಿನ ಕರುವಿಗೂ ಓಟದ ಕುದುರೆಯ ಮರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕರುವಿನ ಬೆಲೆಯು ಮುಂದೆ ಅದು ನೀಡುವ ಹಾಲಿನಿಂದ ನಿರ್ಧಾರವಾಗುತ್ತದೆ. ಓಟದ ಕುದುರೆಯ ಮರಿಯ ಬೆಲೆಯು ಮೊದಲು ಅದರ ತಳಿ ನೋಂದಣಿಯಿಂದ, ಅನಂತರ ಅದರ ಓಟದಿಂದ ನಿರ್ಧಾರವಾಗುತ್ತದೆ. ನೋಂದಣಿ ಇಲ್ಲದ ಮರಿ ಎಷ್ಟೇ ವೇಗವಾಗಿ ಓಡಿದರೂ ಮಾನ್ಯತೆ ಪಡೆದ ಓಟಗಳಲ್ಲಿ ಭಾಗವಹಿಸುವಂತಿಲ್ಲ.

ಒಂದು ತಳಿಯಲ್ಲಿ ಭ್ರೂಣ ವರ್ಗಾವಣೆಗೆ ಅನುಮತಿ ಇದೆ ಎಂಬ ಕಾರಣಕ್ಕೆ ಮತ್ತೊಂದು ತಳಿಯಲ್ಲಿಯೂ ಇದೆ ಎಂದು ಭಾವಿಸುವುದು ಮಾಲೀಕರಿಗೆ ದೊಡ್ಡ ನಷ್ಟವನ್ನು ಉಂಟುಮಾಡಬಲ್ಲದು. ಹುಟ್ಟಿದ ಮರಿಯನ್ನು ಅನಂತರ ಯಾವ ಅರ್ಜಿಯಿಂದಲೂ, ಯಾವ ಶುಲ್ಕದಿಂದಲೂ ನೋಂದಣಿಗೆ ಅರ್ಹವಾಗಿ ಮಾಡಲು ಬಾರದಂತಹ ಸಂದರ್ಭಗಳಿವೆ. ಆದುದರಿಂದ ಕುದುರೆಯನ್ನು ಗರ್ಭಧಾರಣೆಗೆ ಒಳಪಡಿಸುವ ಮೊದಲೇ ಆಯಾ ತಳಿಯ ನೋಂದಣಿ ನಿಯಮಗಳನ್ನು ತಿಳಿದುಕೊಳ್ಳುವುದು ಅವಶ್ಯಕ. ಈ ಉದ್ದೇಶದಿಂದ ಭ್ರೂಣ ವರ್ಗಾವಣೆಯ ವಿಧಾನ, ಹಾರ್ನೆಸ್ ಓಟದ ತಳಿ ನಿಯಮಗಳು, ಥರೋಬ್ರೆಡ್ ತಳಿಯ ನಿಯಮಗಳು ಹಾಗೂ ಭಾರತದಲ್ಲಿನ ಪರಿಸ್ಥಿತಿಯ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

2. ಹಾರ್ನೆಸ್ ಓಟ ಮತ್ತು ಸ್ಟ್ಯಾಂಡರ್ಡ್‌ಬ್ರೆಡ್ ತಳಿ

ಹಾರ್ನೆಸ್ ಓಟದಲ್ಲಿ ಸವಾರನು ಕುದುರೆಯ ಬೆನ್ನ ಮೇಲೆ ಕುಳಿತಿರುವುದಿಲ್ಲ. ಕುದುರೆಗೆ ಕಟ್ಟಿದ ಎರಡು ಚಕ್ರಗಳ ಹಗುರವಾದ ಸಲ್ಕಿ ಎಂಬ ಗಾಡಿಯಲ್ಲಿ ಕುಳಿತು ಓಡಿಸುತ್ತಾನೆ. ಮೇಲ್ನೋಟಕ್ಕೆ ಇದು ಉತ್ತರ ಕರ್ನಾಟಕದ ಕೆಲವು ಜಾತ್ರೆಗಳಲ್ಲಿ ಕಾಣುವ ಕುದುರೆ ಗಾಡಿ ಓಟವನ್ನು ನೆನಪಿಸುತ್ತದೆ. ಆದರೆ ಹಾರ್ನೆಸ್ ಓಟದಲ್ಲಿ ಕುದುರೆಯು ನಾಗಾಲೋಟದಲ್ಲಿ ಓಡುವಂತಿಲ್ಲ; ನಿಗದಿತ ನಡಿಗೆಯಲ್ಲಿಯೇ ಓಡಬೇಕು. ಈ ನಡಿಗೆಗಳು ಎರಡು ವಿಧ. ಮುಂಗಾಲು ಹಾಗೂ ಅದಕ್ಕೆ ಓರೆಯಾಗಿರುವ ಎದುರು ಬದಿಯ ಹಿಂಗಾಲು ಒಟ್ಟಿಗೆ ಚಲಿಸುವ ನಡಿಗೆಯನ್ನು ಟ್ರಾಟ್ ಎಂದೂ, ಒಂದೇ ಬದಿಯ ಎರಡು ಕಾಲುಗಳು ಒಟ್ಟಿಗೆ ಚಲಿಸುವ ನಡಿಗೆಯನ್ನು ಪೇಸ್ ಎಂದೂ ಕರೆಯಲಾಗುತ್ತದೆ.

ಅಮೆರಿಕ, ಕೆನಡಾ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಈ ಓಟಕ್ಕೆ ಬಳಸುವ ತಳಿ ಸ್ಟ್ಯಾಂಡರ್ಡ್‌ಬ್ರೆಡ್. ಈ ತಳಿಯ ನೋಂದಣಿ ಪುಸ್ತಕವನ್ನು ಅಮೆರಿಕದಲ್ಲಿ 1871ರಲ್ಲಿ ಆರಂಭಿಸಲಾಯಿತು. 1879ರಲ್ಲಿ ನೋಂದಣಿಗೆ ವೇಗದ ಮಾನದಂಡವೊಂದನ್ನು ನಿಗದಿಪಡಿಸಲಾಯಿತು. ಅದರಂತೆ ಕುದುರೆಯು ಒಂದು ಮೈಲಿ ದೂರವನ್ನು 2 ನಿಮಿಷ 30 ಸೆಕೆಂಡುಗಳ ಒಳಗೆ ಟ್ರಾಟ್ ನಡಿಗೆಯಲ್ಲಿ ಕ್ರಮಿಸಬೇಕಾಗಿತ್ತು. ಮಾನದಂಡ ಎಂಬ ಅರ್ಥದ ಆಂಗ್ಲ ಪದದಿಂದಲೇ ತಳಿಗೆ ಈ ಹೆಸರು ಬಂದಿದೆ. 1849ರಲ್ಲಿ ಜನಿಸಿ 1876ರಲ್ಲಿ ಮೃತಪಟ್ಟ ಹ್ಯಾಂಬಲ್ಟೋನಿಯನ್ ಎಂಬ ಗಂಡು ಕುದುರೆಯನ್ನು ಈ ತಳಿಯ ಮೂಲಪುರುಷನೆಂದು ಪರಿಗಣಿಸಲಾಗುತ್ತದೆ. ಈ ಕುದುರೆಯ ಪೂರ್ವಜನಾದ ಮೆಸೆಂಜರ್ ಎಂಬುದು 1788ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ತಂದ ಥರೋಬ್ರೆಡ್ ಕುದುರೆ. ಎರಡು ತಳಿಗಳ ರಕ್ತಸಂಬಂಧ ಇಷ್ಟು ಹತ್ತಿರದ್ದಾದರೂ ಅವುಗಳ ಸಂತಾನೋತ್ಪತ್ತಿ ನಿಯಮಗಳು ಪರಸ್ಪರ ಬಹಳ ಭಿನ್ನವಾಗಿವೆ.

3. ಭ್ರೂಣ ವರ್ಗಾವಣೆ ಎಂದರೇನು?

ಉತ್ತಮ ವಂಶದ ಹೆಣ್ಣು ಕುದುರೆಯ ಗರ್ಭಕೋಶದಿಂದ ಕೆಲವೇ ದಿನಗಳ ಭ್ರೂಣವನ್ನು ಹೊರತೆಗೆದು, ಮತ್ತೊಂದು ಆರೋಗ್ಯವಂತ ಹೆಣ್ಣು ಕುದುರೆಯ ಗರ್ಭಕೋಶದಲ್ಲಿ ಇರಿಸಿ ಬೆಳೆಸುವ ವಿಧಾನವೇ ಭ್ರೂಣ ವರ್ಗಾವಣೆ. ಭ್ರೂಣವನ್ನು ನೀಡುವ ಕುದುರೆಯನ್ನು ದಾನಿ ತಾಯಿ ಎಂದೂ, ಭ್ರೂಣವನ್ನು ಹೊತ್ತು ಮರಿ ಹಾಕುವ ಕುದುರೆಯನ್ನು ಬಾಡಿಗೆ ತಾಯಿ ಎಂದೂ ಕರೆಯಲಾಗುತ್ತದೆ. ಮರಿಯ ವಂಶಗುಣಗಳು ದಾನಿ ತಾಯಿ ಹಾಗೂ ಬೀಜದ ಕುದುರೆಯಿಂದ ಬಂದಿರುತ್ತವೆ. ಬಾಡಿಗೆ ತಾಯಿಯಿಂದ ಮರಿಗೆ ದೊರೆಯುವುದು ಗರ್ಭದಲ್ಲಿನ ಪೋಷಣೆ, ಗಿಣ್ಣು ಹಾಲು ಹಾಗೂ ಆರೈಕೆ.

ಸಸ್ತನಿಗಳಲ್ಲಿ ಪ್ರಥಮ ಯಶಸ್ವಿ ಭ್ರೂಣ ವರ್ಗಾವಣೆಯನ್ನು 1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಅವರು ಮೊಲಗಳಲ್ಲಿ ನಡೆಸಿದರು. ಕುದುರೆಗಳಲ್ಲಿ ಈ ಕಾರ್ಯವು 1970ರ ದಶಕದಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳಿಂದ ಸಾಧ್ಯವಾಯಿತು.

4. ವಿಧಾನದ ಹಂತಗಳು

ಕುದುರೆಯ ಬೆದೆ ಚಕ್ರವು ಸುಮಾರು 21 ರಿಂದ 22 ದಿನಗಳದ್ದು. ಬೆದೆಯ ಅವಧಿ ಸಾಮಾನ್ಯವಾಗಿ 5 ರಿಂದ 7 ದಿನಗಳಿರುತ್ತದೆ. ಭ್ರೂಣ ವರ್ಗಾವಣೆಯನ್ನು ಈ ಕೆಳಕಂಡ ಹಂತಗಳಲ್ಲಿ ಕೈಗೊಳ್ಳಲಾಗುತ್ತದೆ.

ಅ) ದಾನಿ ತಾಯಿಯ ಅಂಡಾಶಯವನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಪರೀಕ್ಷಿಸಿ, ಅಂಡ ಬಿಡುಗಡೆಯಾಗುವ ಸಮಯವನ್ನು ಗುರುತಿಸಿ, ನಿಯಮಗಳು ಅನುಮತಿಸುವಂತೆ ನೈಸರ್ಗಿಕ ಕೂಡಿಕೆ ಅಥವಾ ಕೃತಕ ಗರ್ಭಧಾರಣೆ ಮಾಡಿಸಲಾಗುತ್ತದೆ.

ಆ) ಭ್ರೂಣವು ಅಂಡ ಬಿಡುಗಡೆಯಾದ ಸುಮಾರು 6 ದಿನಗಳ ನಂತರ ಅಂಡನಾಳದಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಫಲಿತಗೊಳ್ಳದ ಅಂಡವು ಸಾಮಾನ್ಯವಾಗಿ ಅಂಡನಾಳದಲ್ಲಿಯೇ ಉಳಿಯುವುದು ಕುದುರೆಗಳ ವಿಶೇಷ ಲಕ್ಷಣ.

ಇ) ಅಂಡ ಬಿಡುಗಡೆಯಾದ 7 ಅಥವಾ 8ನೇ ದಿನ ಗರ್ಭಕೋಶದೊಳಗೆ ಮೃದುವಾದ ನಳಿಕೆಯ ಮೂಲಕ ನಿರ್ಜೀವಾಣು ದ್ರಾವಣವನ್ನು ಹಾಯಿಸಿ ತೊಳೆದು, ಹೊರಬಂದ ದ್ರಾವಣವನ್ನು ಸೂಕ್ಷ್ಮ ಜರಡಿಯಲ್ಲಿ ಸೋಸಲಾಗುತ್ತದೆ. ಶಸ್ತ್ರಚಿಕಿತ್ಸೆಯ ಅಗತ್ಯವಿರುವುದಿಲ್ಲ. ಜರಡಿಯಲ್ಲಿ ಉಳಿದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಭ್ರೂಣವನ್ನು ಗುರುತಿಸಲಾಗುತ್ತದೆ. ಈ ಹಂತದಲ್ಲಿ ಭ್ರೂಣದ ಗಾತ್ರ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ.

ಈ) ಭ್ರೂಣವನ್ನು ಬಾಡಿಗೆ ತಾಯಿಯ ಗರ್ಭಕೋಶದಲ್ಲಿ ಇರಿಸಲಾಗುತ್ತದೆ. ಬಾಡಿಗೆ ತಾಯಿಯ ಬೆದೆ ಚಕ್ರವು ದಾನಿ ತಾಯಿಯ ಚಕ್ರಕ್ಕೆ ಹೊಂದಿಕೊಂಡಿರಬೇಕು. ದಾನಿಗಿಂತ ಒಂದು ದಿನ ಮೊದಲಿನಿಂದ ಸುಮಾರು ಮೂರು ದಿನಗಳ ನಂತರದವರೆಗೆ ಅಂಡ ಬಿಡುಗಡೆಯಾದ ಕುದುರೆಯನ್ನು ಸಾಮಾನ್ಯವಾಗಿ ಆಯ್ದುಕೊಳ್ಳಲಾಗುತ್ತದೆ. ಬಾಡಿಗೆ ತಾಯಿ ಬೇರೆ ಊರಿನಲ್ಲಿದ್ದಲ್ಲಿ ಭ್ರೂಣವನ್ನು ತಂಪಾದ ಪೆಟ್ಟಿಗೆಯಲ್ಲಿ ಇರಿಸಿ 24 ಗಂಟೆಗಳ ಒಳಗೆ ಸಾಗಿಸಬಹುದು.

ಉ) ಸುಮಾರು ಒಂದು ವಾರದ ನಂತರ ಬಾಡಿಗೆ ತಾಯಿಯನ್ನು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿ ಗರ್ಭಧಾರಣೆಯನ್ನು ದೃಢಪಡಿಸಲಾಗುತ್ತದೆ. ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು.

ಹಸುಗಳಲ್ಲಿ ಹಾರ್ಮೋನ್ ಚುಚ್ಚುಮದ್ದಿನಿಂದ ಒಂದೇ ಬಾರಿಗೆ ಹಲವು ಭ್ರೂಣಗಳನ್ನು ಪಡೆಯಬಹುದು. ಹೆಣ್ಣು ಕುದುರೆಯು ಇಂತಹ ಚಿಕಿತ್ಸೆಗೆ ಹಸುವಿನಷ್ಟು ಸ್ಪಂದಿಸುವುದಿಲ್ಲ; ಪ್ರತಿ ಚಕ್ರದಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣ ದೊರೆಯುತ್ತದೆ. ಪ್ರಾಯದ ಹಾಗೂ ಆರೋಗ್ಯವಂತ ಕುದುರೆಯಲ್ಲಿಯೂ ಎರಡು ಪ್ರಯತ್ನಗಳಲ್ಲಿ ಸುಮಾರು ಒಂದು ಪ್ರಯತ್ನ ಮಾತ್ರ ಫಲ ನೀಡುತ್ತದೆ. ಹೀಗೆ ದೊರೆತ ಭ್ರೂಣಗಳೆಲ್ಲವೂ ಬಾಡಿಗೆ ತಾಯಿಯಲ್ಲಿ ಗರ್ಭ ನಿಲ್ಲುವುದಿಲ್ಲ. ಖರ್ಚಿನ ಅಂದಾಜು ಮಾಡುವಾಗ ಮಾಲೀಕರು ಈ ಅಂಶವನ್ನು ಗಮನದಲ್ಲಿ ಇರಿಸಿಕೊಳ್ಳಬೇಕು.

5. ಯಾವ ಸಂದರ್ಭಗಳಲ್ಲಿ ಉಪಯುಕ್ತ?

• ಓಟದಲ್ಲಿ ಇನ್ನೂ ತೊಡಗಿರುವ ಉತ್ತಮ ಹೆಣ್ಣು ಕುದುರೆಯಿಂದ, ಅದರ ಓಟವನ್ನು ನಿಲ್ಲಿಸದೆ ಮರಿ ಪಡೆಯಬೇಕಾದಾಗ.
• ವಯಸ್ಸಾದ ಹೆಣ್ಣು ಕುದುರೆಯು ಗರ್ಭ ಧರಿಸಿದರೂ ಅದನ್ನು ಕೊನೆಯವರೆಗೆ ಉಳಿಸಿಕೊಳ್ಳಲು ಅಸಮರ್ಥವಾದಾಗ. ಸುಮಾರು 15 ವರ್ಷಗಳ ನಂತರ ಕುದುರೆಯ ಫಲವತ್ತತೆ ಕುಗ್ಗುತ್ತಾ ಹೋಗುತ್ತದೆ.
• ಗರ್ಭಕೋಶದ ಸೋಂಕು, ಹಿಂದಿನ ಹೆರಿಗೆಯಲ್ಲಾದ ಗಾಯ, ಅಥವಾ ಕಾಲಿನ ದೋಷದಿಂದ ಪೂರ್ಣ ಗರ್ಭದ ಭಾರ ಹೊರಲಾಗದಿದ್ದಾಗ.
• ಸಂಖ್ಯೆ ಕ್ಷೀಣಿಸಿರುವ ದೇಶೀ ತಳಿಯ ಸಂರಕ್ಷಣೆಗಾಗಿ.

ಬಾಡಿಗೆ ತಾಯಿಯ ಮೈಕಟ್ಟು ದಾನಿ ತಾಯಿಯ ಮೈಕಟ್ಟಿಗೆ ಸಮನಾಗಿ ಅಥವಾ ಅದಕ್ಕಿಂತ ಹೆಚ್ಚಾಗಿರುವುದು ಉತ್ತಮ. ಹೊರುವ ತಾಯಿಯ ಗಾತ್ರವು ಹುಟ್ಟುವ ಮರಿಯ ಗಾತ್ರವನ್ನು ಪ್ರಭಾವಿಸುತ್ತದೆ ಎಂಬುದನ್ನು ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು 1938ರಲ್ಲಿಯೇ ದೈತ್ಯ ಗಾತ್ರದ ಶೈರ್ ಹಾಗೂ ಕಿರುಗಾತ್ರದ ಶೆಟ್‌ಲ್ಯಾಂಡ್ ಕುದುರೆಗಳ ಸಂಕರದಿಂದ ತೋರಿಸಿಕೊಟ್ಟಿದ್ದಾರೆ.

6. ಹಾರ್ನೆಸ್ ಓಟದ ತಳಿ ನಿಯಮಗಳು

ಸ್ಟ್ಯಾಂಡರ್ಡ್‌ಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯು ಬಹುಕಾಲದಿಂದ ಅಂಗೀಕೃತವಾಗಿದೆ. ಒಂದು ಊರಿನಲ್ಲಿರುವ ಬೀಜದ ಕುದುರೆಯ ವೀರ್ಯವನ್ನು ತಂಪಾಗಿರಿಸಿ ನೂರಾರು ಕಿಲೋಮೀಟರ್ ದೂರದ ಹೆಣ್ಣು ಕುದುರೆಗೆ ಬಳಸುವುದು ಈ ತಳಿಯಲ್ಲಿ ಸಾಮಾನ್ಯ. ಅಮೆರಿಕದಲ್ಲಿ ಈ ತಳಿಯ ನೋಂದಣಿಯನ್ನು ನಿರ್ವಹಿಸುವ ಯುನೈಟೆಡ್ ಸ್ಟೇಟ್ಸ್ ಟ್ರಾಟಿಂಗ್ ಅಸೋಸಿಯೇಷನ್ ಸಂಸ್ಥೆಯು ಭ್ರೂಣ ವರ್ಗಾವಣೆಯಿಂದ ಜನಿಸಿದ ಮರಿಗಳನ್ನೂ ಷರತ್ತುಗಳಿಗೆ ಒಳಪಟ್ಟು ನೋಂದಾಯಿಸುತ್ತಾ ಬಂದಿದೆ. ಈ ಷರತ್ತುಗಳ ಹಿಂದಿನ ತತ್ತ್ವಗಳು ಮೂರು.

ಮೊದಲನೆಯದು, ಸಂಖ್ಯೆಯ ಮಿತಿ. ಪ್ರಕೃತಿಯಲ್ಲಿ ಒಂದು ಹೆಣ್ಣು ಕುದುರೆಯು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಭ್ರೂಣ ವರ್ಗಾವಣೆಯಿಂದ ಒಂದೇ ಋತುವಿನಲ್ಲಿ ಹಲವು ಬಾಡಿಗೆ ತಾಯಂದಿರ ಮೂಲಕ ಹಲವು ಮರಿಗಳನ್ನು ಪಡೆಯಲು ಸಾಧ್ಯವಾಗುತ್ತದೆ. ಇದನ್ನು ತಡೆಯುವ ಸಲುವಾಗಿ ಒಂದು ದಾನಿ ತಾಯಿಯಿಂದ ಒಂದು ವರ್ಷಕ್ಕೆ ಒಂದೇ ಮರಿಯನ್ನು ನೋಂದಾಯಿಸುವ ಪದ್ಧತಿಯನ್ನು ಹಾರ್ನೆಸ್ ಓಟದಲ್ಲಿ ಅನುಸರಿಸಿಕೊಂಡು ಬರಲಾಗಿದೆ. ಇಂತಹ ನಿಯಮವಿರುವಲ್ಲಿ ಎರಡು ಭ್ರೂಣಗಳನ್ನು ಇಬ್ಬರು ಬಾಡಿಗೆ ತಾಯಂದಿರಲ್ಲಿ ಇರಿಸಿ ಎರಡು ಮರಿಗಳು ಹುಟ್ಟಿದಲ್ಲಿ ಒಂದಕ್ಕೆ ಮಾತ್ರ ನೋಂದಣಿ ದೊರೆಯುತ್ತದೆ. ಎರಡನೆಯ ಮರಿಯು ಅದೇ ತಂದೆ ತಾಯಿಯದಾದರೂ ಓಟದಿಂದ ಹೊರಗುಳಿಯುತ್ತದೆ.

ಎರಡನೆಯದು, ಮುಂಚಿತ ಮಾಹಿತಿ. ಭ್ರೂಣ ವರ್ಗಾವಣೆ ಮಾಡಿಸುವ ಉದ್ದೇಶವನ್ನು ನೋಂದಣಿ ಸಂಸ್ಥೆಗೆ ಮೊದಲೇ ತಿಳಿಸಬೇಕು. ಮರಿ ಹುಟ್ಟಿದ ನಂತರ ತಿಳಿಸಿದರೆ ಸಾಲದು.

ಮೂರನೆಯದು, ವಂಶದ ದೃಢೀಕರಣ. ದಾನಿ ತಾಯಿ, ಬೀಜದ ಕುದುರೆ ಹಾಗೂ ಮರಿ, ಈ ಮೂರರ ಡಿ.ಎನ್.ಎ. ಪರೀಕ್ಷೆಯಿಂದ ತಂದೆ ತಾಯಿಯರನ್ನು ಖಚಿತಪಡಿಸಲಾಗುತ್ತದೆ. ದಾನಿ ತಾಯಿಯು ಮರಿ ಹುಟ್ಟುವ ಮೊದಲೇ ಮರಣ ಹೊಂದುವ ಸಂಭವವಿರುವುದರಿಂದ ಅದರ ಮಾದರಿಯನ್ನು ಮುಂಚಿತವಾಗಿಯೇ ನೀಡುವುದು ಮಾಲೀಕರ ಹಿತದೃಷ್ಟಿಯಿಂದ ಒಳ್ಳೆಯದು.

ಹೆಣ್ಣು ಕುದುರೆಗೆ ಮರಿಗಳ ಸಂಖ್ಯೆಯ ಮಿತಿ ಇರುವಂತೆ ಗಂಡು ಕುದುರೆಗೂ ಮಿತಿ ಇದೆ. ಕೃತಕ ಗರ್ಭಧಾರಣೆಯಿಂದ ಒಂದು ಬೀಜದ ಕುದುರೆಯು ವರ್ಷಕ್ಕೆ ನೂರಾರು ಮರಿಗಳ ತಂದೆಯಾಗಬಲ್ಲದು. ಕೆಲವೇ ಕುದುರೆಗಳ ರಕ್ತ ಇಡೀ ತಳಿಯಲ್ಲಿ ಹರಡಿದಲ್ಲಿ ಮುಂದಿನ ತಲೆಮಾರುಗಳಲ್ಲಿ ಹತ್ತಿರದ ಸಂಬಂಧಿಗಳ ಕೂಡಿಕೆ ಅನಿವಾರ್ಯವಾಗಿ, ದೋಷಗಳು ಹೆಚ್ಚುವ ಅಪಾಯವಿರುತ್ತದೆ. ಈ ಕಾರಣದಿಂದ ಅಮೆರಿಕದ ಹಾರ್ನೆಸ್ ಓಟದಲ್ಲಿ 2009ರಿಂದ ಸಂತಾನೋತ್ಪತ್ತಿಗೆ ಬರುವ ಬೀಜದ ಕುದುರೆಗಳಿಗೆ ವರ್ಷಕ್ಕೆ 140 ಹೆಣ್ಣು ಕುದುರೆಗಳ ಮಿತಿಯನ್ನು ವಿಧಿಸಲಾಯಿತು. ಅಮೆರಿಕದ ಥರೋಬ್ರೆಡ್ ನೋಂದಣಿ ಸಂಸ್ಥೆಯಾದ ಜಾಕಿ ಕ್ಲಬ್ 2020ರಲ್ಲಿ ಇದೇ ಸಂಖ್ಯೆಯ ಮಿತಿಯನ್ನು ಪ್ರಕಟಿಸಿ, ನ್ಯಾಯಾಲಯದ ವಿವಾದದ ನಂತರ 2022ರಲ್ಲಿ ಹಿಂಪಡೆಯಿತು.

7. ಥರೋಬ್ರೆಡ್ ತಳಿಯಲ್ಲಿ ಸಂಪೂರ್ಣ ನಿಷೇಧ

ಬೆಂಗಳೂರು ಹಾಗೂ ಮೈಸೂರಿನ ರೇಸ್‌ಗಳಲ್ಲಿ ಓಡುವ ಕುದುರೆಗಳು ಥರೋಬ್ರೆಡ್ ತಳಿಯವು. ಕುದುರೆ ಸಾಕಣೆಯು ಕರ್ನಾಟಕಕ್ಕೆ ಹೊಸದಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಆರಂಭವಾಗಿ, ಮುಂದೆ ಥರೋಬ್ರೆಡ್ ಕುದುರೆಗಳ ಸಂವರ್ಧನೆಗೆ ಹೆಸರಾಯಿತು. ಆದುದರಿಂದ ಈ ತಳಿಯ ನಿಯಮವನ್ನು ರಾಜ್ಯದ ಕುದುರೆ ಮಾಲೀಕರು ವಿಶೇಷವಾಗಿ ಗಮನಿಸಬೇಕಾಗಿದೆ.

ಥರೋಬ್ರೆಡ್ ತಳಿಯ ವಿಷಯದಲ್ಲಿ ವಿವಿಧ ದೇಶಗಳ ರೇಸಿಂಗ್ ಪ್ರಾಧಿಕಾರಗಳು ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ಮರಿಯು ಗಂಡು ಕುದುರೆಯು ಹೆಣ್ಣು ಕುದುರೆಯನ್ನು ನೈಸರ್ಗಿಕವಾಗಿ ಕೂಡಿದ್ದರ ಫಲವಾಗಿರಬೇಕು. ಅಲ್ಲದೆ ಗರ್ಭ ಕಟ್ಟಿದ ಅದೇ ಹೆಣ್ಣು ಕುದುರೆಯ ಒಡಲಿನಲ್ಲಿ ಬೆಳೆದು ಅದರಿಂದಲೇ ಹುಟ್ಟಿರಬೇಕು. ಕೃತಕ ಗರ್ಭಧಾರಣೆ, ಭ್ರೂಣ ವರ್ಗಾವಣೆ, ತದ್ರೂಪಿ ಸೃಷ್ಟಿ ಮುಂತಾದ ವಿಧಾನಗಳಿಂದ ಜನಿಸಿದ ಮರಿಯನ್ನು ಥರೋಬ್ರೆಡ್ ಎಂದು ನೋಂದಾಯಿಸಲಾಗುವುದಿಲ್ಲ. ತಂದೆ ತಾಯಿ ಇಬ್ಬರೂ ನೋಂದಾಯಿತ ಥರೋಬ್ರೆಡ್ ಕುದುರೆಗಳಾಗಿದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಭಾರತದಲ್ಲಿ ಥರೋಬ್ರೆಡ್ ಕುದುರೆಗಳ ನೋಂದಣಿಯನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ನಿರ್ವಹಿಸುತ್ತದೆ. ಹಾರ್ನೆಸ್ ಓಟದಲ್ಲಿ ಭ್ರೂಣ ವರ್ಗಾವಣೆಗೆ ಅವಕಾಶವಿದೆ ಎಂಬ ಮಾಹಿತಿಯನ್ನು ಆಧರಿಸಿ ಥರೋಬ್ರೆಡ್ ಕುದುರೆಗೆ ಈ ವಿಧಾನವನ್ನು ಅನ್ವಯಿಸಿದಲ್ಲಿ, ಹುಟ್ಟುವ ಮರಿಯು ರೇಸ್‌ನಲ್ಲಿ ಓಡುವ ಹಕ್ಕನ್ನು ಮಾತ್ರವಲ್ಲದೆ ಮುಂದೆ ನೋಂದಾಯಿತ ಮರಿಗಳಿಗೆ ತಂದೆ ಅಥವಾ ತಾಯಿಯಾಗುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ.

8. ಇತರ ತಳಿಗಳಲ್ಲಿನ ಪದ್ಧತಿ

ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯ ನೋಂದಣಿ ಸಂಸ್ಥೆಯು ಮೊದಲು ವರ್ಷಕ್ಕೆ ಒಂದೇ ಭ್ರೂಣ ವರ್ಗಾವಣೆ ಮರಿ ಎಂಬ ಮಿತಿಯನ್ನು ವಿಧಿಸಿತ್ತು. ಮಾಲೀಕರು ಹೂಡಿದ ಮೊಕದ್ದಮೆಯ ನಂತರ 2002ರಲ್ಲಿ ಈ ಮಿತಿಯನ್ನು ಕೈಬಿಡಲಾಯಿತು. ಆದರೆ ಇದೇ ಸಂಸ್ಥೆಯು ತದ್ರೂಪಿ ಕುದುರೆಗಳನ್ನು ನೋಂದಾಯಿಸಲು ನಿರಾಕರಿಸಿದ್ದು, ಈ ಕುರಿತ ಮೊಕದ್ದಮೆಯಲ್ಲಿ 2013ರಲ್ಲಿ ಸಂಸ್ಥೆಯ ವಿರುದ್ಧ ಬಂದ ತೀರ್ಪನ್ನು ಮೇಲ್ಮನವಿ ನ್ಯಾಯಾಲಯವು 2015ರಲ್ಲಿ ರದ್ದುಪಡಿಸಿತು. ಅರ್ಜೆಂಟೀನಾ ದೇಶದ ಪೋಲೋ ಕುದುರೆಗಳಲ್ಲಿ ಭ್ರೂಣ ವರ್ಗಾವಣೆಯು ಬಹಳ ವ್ಯಾಪಕವಾಗಿದೆ. ಒಂದೇ ತಂತ್ರಜ್ಞಾನಕ್ಕೆ ಒಂದೊಂದು ತಳಿಯಲ್ಲಿ ಒಂದೊಂದು ನಿಯಮವಿರುವುದನ್ನು ಇದರಿಂದ ತಿಳಿಯಬಹುದು. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ನಿಯಮಾವಳಿಯನ್ನೇ ಪರಿಶೀಲಿಸುವುದು ಅವಶ್ಯಕ.

9. ಡಿ.ಎನ್.ಎ. ಪರೀಕ್ಷೆಯ ಮಿತಿ ಮತ್ತು ದಾಖಲೆಗಳ ಮಹತ್ವ

ಡಿ.ಎನ್.ಎ. ಪರೀಕ್ಷೆಗೆ ಸಾಮಾನ್ಯವಾಗಿ ರಕ್ತ ಅಥವಾ ಬುಡ ಸಹಿತ ಕಿತ್ತ ಕೂದಲಿನ ಮಾದರಿ ಸಾಕಾಗುತ್ತದೆ. ಈ ಪರೀಕ್ಷೆಯು ಮರಿಯ ವಂಶವಾಹಿ ತಂದೆ ತಾಯಿ ಯಾರೆಂಬುದನ್ನು ಖಚಿತವಾಗಿ ತಿಳಿಸುತ್ತದೆ. ಆದರೆ ಮರಿಯು ಯಾವ ಕುದುರೆಯ ಗರ್ಭದಲ್ಲಿ ಬೆಳೆಯಿತು ಎಂಬುದನ್ನು ತಿಳಿಸುವುದಿಲ್ಲ. ಬಾಡಿಗೆ ತಾಯಿಯ ವಂಶವಾಹಿಗಳು ಮರಿಯಲ್ಲಿ ಸೇರುವುದಿಲ್ಲವಾದ ಕಾರಣ, ದಾನಿ ತಾಯಿಯೇ ಹೆತ್ತ ಮರಿಗೂ ಬಾಡಿಗೆ ತಾಯಿ ಹೆತ್ತ ಮರಿಗೂ ಪರೀಕ್ಷೆಯ ಫಲಿತಾಂಶ ಒಂದೇ ಆಗಿರುತ್ತದೆ.

ಆದುದರಿಂದ ನೋಂದಣಿ ಸಂಸ್ಥೆಗಳು ಮಾಲೀಕರ ಘೋಷಣೆ, ಪಶುವೈದ್ಯರ ಪ್ರಮಾಣಪತ್ರ, ಕೂಡಿಕೆಯ ದಾಖಲೆ, ಮೈಕ್ರೋಚಿಪ್ ಸಂಖ್ಯೆ ಹಾಗೂ ಸ್ಥಳ ಪರಿಶೀಲನೆಯನ್ನು ಅವಲಂಬಿಸಿವೆ. ಭ್ರೂಣ ವರ್ಗಾವಣೆಯನ್ನು ಮರೆಮಾಚಿ ನೈಸರ್ಗಿಕ ಮರಿ ಎಂದು ಘೋಷಿಸುವುದು ಸುಳ್ಳು ಘೋಷಣೆಯಾಗುತ್ತದೆ. ಅನಂತರ ಬೆಳಕಿಗೆ ಬಂದಲ್ಲಿ ಮರಿಯ ನೋಂದಣಿ ರದ್ದಾಗುವುದಲ್ಲದೆ, ಅದರ ಸಂತತಿಯ ನೋಂದಣಿಯೂ ಪ್ರಶ್ನೆಗೆ ಒಳಗಾಗಬಹುದು. ಇಂತಹ ಮರಿಯನ್ನು ಅರಿಯದೆ ಖರೀದಿಸಿದವರೂ ನಷ್ಟಕ್ಕೆ ಗುರಿಯಾಗುತ್ತಾರೆ.

10. ಭಾರತದಲ್ಲಿನ ಪರಿಸ್ಥಿತಿ

ಭಾರತದಲ್ಲಿ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳ ಸಂಘಟಿತ ಹಾರ್ನೆಸ್ ಓಟ ರೂಢಿಯಲ್ಲಿಲ್ಲ. ನಮ್ಮಲ್ಲಿ ಭ್ರೂಣ ವರ್ಗಾವಣೆಯ ಮುಖ್ಯ ಉಪಯೋಗವಿರುವುದು ದೇಶೀ ತಳಿಗಳ ಸಂರಕ್ಷಣೆಯಲ್ಲಿ. ಮಾರ್ವಾರಿ, ಕಾಠಿಯಾವಾಡಿ, ಜಾನ್ಸ್‌ಕಾರಿ, ಸ್ಪಿತಿ, ಭೂಟಿಯಾ, ಮಣಿಪುರಿ, ಕಚ್ಛಿ-ಸಿಂಧಿ ಹಾಗೂ ದಖ್ಖನಿನ ಭೀಮಥಡಿ ದೇಶದ ಮಾನ್ಯತೆ ಪಡೆದ ತಳಿಗಳಾಗಿವೆ.

ಹರಿಯಾಣದ ಹಿಸ್ಸಾರ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ರಾಜಸ್ಥಾನದ ಬಿಕಾನೇರ್‌ನಲ್ಲಿರುವ ತನ್ನ ಪ್ರಾದೇಶಿಕ ಘಟಕದಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯ ಮೂಲಕ ಮಾರ್ವಾರಿ ತಳಿಯ ಮರಿಯನ್ನು ಪಡೆದಿದೆ. ದಾನಿ ತಾಯಿಯಿಂದ ಏಳೂವರೆ ದಿನಗಳ ಭ್ರೂಣವನ್ನು ಹೊರತೆಗೆದು ಬಾಡಿಗೆ ತಾಯಿಗೆ ವರ್ಗಾಯಿಸಲಾಗಿತ್ತು. ಹುಟ್ಟಿದಾಗ ಮರಿಯ ತೂಕ 23 ಕಿಲೋಗ್ರಾಂ ಇತ್ತು.

ಕೇಂದ್ರ ಸಚಿವ ಸಂಪುಟವು 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯನ್ನು ತಿದ್ದುಪಡಿ ಮಾಡಿ ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆ ಸಾಕಣೆಯ ಉದ್ಯಮಗಳನ್ನೂ ಸೇರ್ಪಡೆಗೊಳಿಸಿತು. ಇದರನ್ವಯ ವ್ಯಕ್ತಿಗಳು, ಸ್ವಸಹಾಯ ಗುಂಪುಗಳು, ರೈತ ಉತ್ಪಾದಕ ಸಂಸ್ಥೆಗಳು ಮುಂತಾದವರಿಗೆ ಶೇಕಡ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ಬಂಡವಾಳ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ಕುದುರೆ, ಕತ್ತೆ ಹಾಗೂ ಒಂಟೆಗಳ ವೀರ್ಯ ಕೇಂದ್ರ ಮತ್ತು ಮೂಲ ತಳಿ ಸಂವರ್ಧನಾ ಕ್ಷೇತ್ರಗಳ ಸ್ಥಾಪನೆಗೆ ಕೇಂದ್ರ ಸರ್ಕಾರದಿಂದ 10 ಕೋಟಿ ರೂಪಾಯಿಗಳ ನೆರವನ್ನೂ ಪ್ರಕಟಿಸಲಾಯಿತು. ಅರ್ಜಿ ಸಲ್ಲಿಸುವವರು ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಮಾರ್ಗಸೂಚಿಗಳನ್ನು ಪರಿಶೀಲಿಸತಕ್ಕದ್ದು.

11. ರೋಗ ನಿಯಂತ್ರಣ

ಬಾಡಿಗೆ ತಾಯಂದಿರಾಗಿ ಬಳಸುವ ಕುದುರೆಗಳನ್ನು ಸಾಮಾನ್ಯವಾಗಿ ಸಂತೆ ಅಥವಾ ಬೇರೆ ಬೇರೆ ಲಾಯಗಳಿಂದ ಖರೀದಿಸಲಾಗುತ್ತದೆ. ಇಂತಹ ಕುದುರೆಗಳನ್ನು ಪರೀಕ್ಷಿಸದೆ ಬೆಲೆಬಾಳುವ ಕುದುರೆಗಳೊಂದಿಗೆ ಕಟ್ಟುವುದು ಅಪಾಯಕಾರಿ. ಗ್ಲ್ಯಾಂಡರ್ಸ್ ರೋಗವು ಕುದುರೆ, ಕತ್ತೆ ಹಾಗೂ ಹೇಸರಗತ್ತೆಗಳಿಗೆ ತಗಲುವ ಮಾರಕ ಸೋಂಕು, ಮನುಷ್ಯರಿಗೂ ಹರಡಬಲ್ಲದು. ಪ್ರಾಣಿಗಳ ಸಾಂಕ್ರಾಮಿಕ ಮತ್ತು ಅಂಟುರೋಗಗಳ ತಡೆ ಹಾಗೂ ನಿಯಂತ್ರಣ ಅಧಿನಿಯಮ, 2009ರ ಅನ್ವಯ ಗ್ಲ್ಯಾಂಡರ್ಸ್ ಹಾಗೂ ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ರೋಗಗಳ ಬಗ್ಗೆ ವರದಿ ಮಾಡುವುದು ಕಡ್ಡಾಯ. ಹೊಸದಾಗಿ ತಂದ ಕುದುರೆಯನ್ನು ಪ್ರತ್ಯೇಕವಾಗಿ ಇರಿಸಿ, ರಕ್ತ ಪರೀಕ್ಷೆಯ ವರದಿ ಬಂದ ನಂತರವಷ್ಟೇ ಇತರ ಕುದುರೆಗಳೊಂದಿಗೆ ಸೇರಿಸಬೇಕು.

ವಿದೇಶದಿಂದ ಕುದುರೆ, ವೀರ್ಯ ಅಥವಾ ಭ್ರೂಣವನ್ನು ತರಿಸಲು ಇಚ್ಛಿಸುವವರು ಜಾನುವಾರು ಆಮದು ಅಧಿನಿಯಮ, 1898ರ ಅಡಿಯಲ್ಲಿ ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ವಿಧಿಸುವ ಆರೋಗ್ಯ ಷರತ್ತುಗಳನ್ನು ಪಾಲಿಸಬೇಕು. ಆಮದು ಅನುಮತಿಯು ರೋಗ ನಿಯಂತ್ರಣಕ್ಕೆ ಸಂಬಂಧಿಸಿದ್ದು. ಅದರಿಂದ ತಳಿ ನೋಂದಣಿಯ ಹಕ್ಕು ಪ್ರಾಪ್ತವಾಗುವುದಿಲ್ಲ.

12. ಒಂದು ಉದಾಹರಣೆ

ಒಂದು ಹೆಣ್ಣು ಕುದುರೆಯಲ್ಲಿ ಮಾರ್ಚ್ 1ರಂದು ಅಂಡ ಬಿಡುಗಡೆಯಾಯಿತು ಎಂದು ಭಾವಿಸೋಣ. ಮಾರ್ಚ್ 8ರಂದು ಭ್ರೂಣವನ್ನು ಹೊರತೆಗೆದು ಅದೇ ದಿನ ಬಾಡಿಗೆ ತಾಯಿಗೆ ವರ್ಗಾಯಿಸಲಾಗುತ್ತದೆ. ಮಾರ್ಚ್ 15ರ ವೇಳೆಗೆ ಗರ್ಭಧಾರಣೆ ಖಚಿತವಾಗುತ್ತದೆ. ಮುಂದಿನ ವರ್ಷ ಫೆಬ್ರವರಿ ಮೊದಲ ವಾರದ ಸುಮಾರಿಗೆ ಮರಿ ಹುಟ್ಟುತ್ತದೆ. ನೋಂದಣಿ ಸಂಸ್ಥೆಗೆ ಮುಂಚಿತ ಸೂಚನೆ ನೀಡುವುದು, ದಾನಿ ತಾಯಿಯ ಡಿ.ಎನ್.ಎ. ಮಾದರಿ ಸಲ್ಲಿಸುವುದು, ಬಾಡಿಗೆ ತಾಯಿಯ ರಕ್ತ ಪರೀಕ್ಷೆ ಮಾಡಿಸುವುದು, ಇವೆಲ್ಲವೂ ಮಾರ್ಚ್ 1ಕ್ಕಿಂತ ಮೊದಲೇ ಮುಗಿದಿರಬೇಕು. ಮಾಲೀಕರು ನಿಯಮವನ್ನು ವಿಚಾರಿಸುವ ಕೆಲಸವನ್ನು ಮರಿ ಹುಟ್ಟಿದ ಮೇಲೆ ಕೈಗೊಂಡಲ್ಲಿ, ಹನ್ನೊಂದು ತಿಂಗಳ ಪೋಷಣೆ ಹಾಗೂ ವೆಚ್ಚದ ನಂತರ ನೋಂದಣಿ ಇಲ್ಲದ ಮರಿ ಉಳಿಯಬಹುದು. ತಪ್ಪು ಮರಿಯದಲ್ಲದಿದ್ದರೂ ಅದರ ಪರಿಣಾಮವನ್ನು ಮರಿಯು ಜೀವಮಾನವಿಡೀ ಹೊರಬೇಕಾಗುತ್ತದೆ.

13. ಅರ್ಜಿದಾರರು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

1. ಕುದುರೆಯು ಯಾವ ತಳಿಯ ನೋಂದಣಿ ಪುಸ್ತಕದಲ್ಲಿ ದಾಖಲಾಗಿದೆ, ದಾಖಲೆಯು ಹಾಲಿ ಮಾಲೀಕರ ಹೆಸರಿನಲ್ಲಿದೆಯೇ?
2. ಆ ತಳಿಯಲ್ಲಿ ಭ್ರೂಣ ವರ್ಗಾವಣೆಗೆ ಅನುಮತಿ ಇದೆಯೇ? ಇದ್ದಲ್ಲಿ ವರ್ಷಕ್ಕೆ ಎಷ್ಟು ಮರಿಗಳಿಗೆ?
3. ಮುಂಚಿತ ಸೂಚನೆ ನೀಡಲು ಕೊನೆಯ ದಿನಾಂಕ ಯಾವುದು, ಲಿಖಿತ ಸ್ವೀಕೃತಿ ದೊರೆತಿದೆಯೇ?
4. ಬೀಜದ ಕುದುರೆಯ ಮಾಲೀಕರೊಂದಿಗಿನ ಒಪ್ಪಂದದಲ್ಲಿ ಭ್ರೂಣ ವರ್ಗಾವಣೆಗೆ ಒಪ್ಪಿಗೆ ಇದೆಯೇ? ಒಂದಕ್ಕಿಂತ ಹೆಚ್ಚು ಭ್ರೂಣ ದೊರೆತಲ್ಲಿ ಶುಲ್ಕ ಎಷ್ಟು?
5. ದಾನಿ ತಾಯಿ, ಬೀಜದ ಕುದುರೆ ಹಾಗೂ ಬಾಡಿಗೆ ತಾಯಿಯ ಗುರುತಿನ ದಾಖಲೆ ಮತ್ತು ಮೈಕ್ರೋಚಿಪ್ ವಿವರ ಇದೆಯೇ?
6. ಬಾಡಿಗೆ ತಾಯಿ ಮತ್ತೊಬ್ಬರಿಗೆ ಸೇರಿದ್ದಲ್ಲಿ, ಮರಿಯ ಒಡೆತನ ಹಾಗೂ ಹಾಲು ಬಿಡಿಸಿದ ನಂತರ ತಾಯಿ ಕುದುರೆಯನ್ನು ಹಿಂದಿರುಗಿಸುವ ಬಗ್ಗೆ ಲಿಖಿತ ಕರಾರು ಆಗಿದೆಯೇ?
7. ನೋಂದಾಯಿತ ಪಶುವೈದ್ಯರು ಪ್ರತಿ ಹಂತದ ದಿನಾಂಕವನ್ನು ದಾಖಲಿಸಿ ಸಹಿ ಮಾಡಿದ್ದಾರೆಯೇ?

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಭ್ರೂಣ ವರ್ಗಾವಣೆಯಿಂದ ಹುಟ್ಟಿದ ಮರಿಯು ನೈಸರ್ಗಿಕವಾಗಿ ಹುಟ್ಟಿದ ಮರಿಗಿಂತ ದುರ್ಬಲವೇ?
ಉತ್ತರ: ಅಲ್ಲ. ಬಾಡಿಗೆ ತಾಯಿಯು ಆರೋಗ್ಯವಾಗಿದ್ದು, ಮೈಕಟ್ಟು ಹೊಂದಿಕೆಯಾಗಿದ್ದು, ಮರಿಗೆ ಸಕಾಲದಲ್ಲಿ ಗಿಣ್ಣು ಹಾಲು ದೊರೆತಲ್ಲಿ ಮರಿಯು ಇತರ ಮರಿಗಳಂತೆಯೇ ಬೆಳೆಯುತ್ತದೆ. ನೋಂದಣಿ ನಿರಾಕರಣೆಗೆ ಮರಿಯ ಆರೋಗ್ಯವು ಕಾರಣವಲ್ಲ.

ಪ್ರಶ್ನೆ: ಬಾಡಿಗೆ ತಾಯಿಯೂ ಅದೇ ತಳಿಯದಾಗಿರಬೇಕೇ?
ಉತ್ತರ: ವೈದ್ಯಕೀಯ ದೃಷ್ಟಿಯಿಂದ ಅಗತ್ಯವಿಲ್ಲ. ಗಾತ್ರ, ವಯಸ್ಸು, ಸೌಮ್ಯ ಸ್ವಭಾವ ಮತ್ತು ಹಾಲಿನ ಪ್ರಮಾಣ ಮುಖ್ಯ. ನೋಂದಣಿ ಸಂಸ್ಥೆಯು ಪ್ರತ್ಯೇಕ ಷರತ್ತು ವಿಧಿಸಿದ್ದಲ್ಲಿ ಅದನ್ನು ಪಾಲಿಸಬೇಕು.

ಪ್ರಶ್ನೆ: ಥರೋಬ್ರೆಡ್ ಹೆಣ್ಣು ಕುದುರೆಯಿಂದ ಭ್ರೂಣ ವರ್ಗಾವಣೆ ಮಾಡಿಸುವುದು ಅಪರಾಧವೇ?
ಉತ್ತರ: ನಿಷೇಧವಿರುವುದು ನೋಂದಣಿಗೆ. ಸವಾರಿ, ಅಡೆತಡೆ ಹಾರುವ ಸ್ಪರ್ಧೆ ಮುಂತಾದ ಉದ್ದೇಶಗಳಿಗೆ ಮರಿ ಪಡೆಯಲು ಈ ನಿಯಮ ಅಡ್ಡಿಯಾಗುವುದಿಲ್ಲ. ಆದರೆ ಅಂತಹ ಮರಿಯನ್ನು ಥರೋಬ್ರೆಡ್ ಎಂದು ಘೋಷಿಸಿ ಮಾರಾಟ ಮಾಡುವಂತಿಲ್ಲ.

ಪ್ರಶ್ನೆ: ದಾನಿ ತಾಯಿಯನ್ನು ಮುಂದೆ ನೈಸರ್ಗಿಕವಾಗಿ ಗರ್ಭಧಾರಣೆಗೆ ಬಿಡಬಹುದೇ?
ಉತ್ತರ: ಬಿಡಬಹುದು. ಆದರೆ ವರ್ಷಕ್ಕೆ ಒಂದೇ ಮರಿ ಎಂಬ ನಿಯಮವಿರುವ ತಳಿಯಲ್ಲಿ ಒಂದೇ ವರ್ಷ ಬಾಡಿಗೆ ತಾಯಿಯಿಂದ ಒಂದು, ಸ್ವತಃ ಒಂದು ಮರಿ ಹುಟ್ಟದಂತೆ ಎಚ್ಚರ ವಹಿಸಬೇಕು.

15. ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ತಳಿ ನೋಂದಣಿಗೆ ಸಂಬಂಧಿಸಿದ ಅಂತಿಮ ನಿರ್ಧಾರವು ಆಯಾ ನೋಂದಣಿ ಸಂಸ್ಥೆಯದಾಗಿರುತ್ತದೆ. ಕುದುರೆಗಳ ಆರೋಗ್ಯ ತಪಾಸಣೆ, ರೋಗ ಪರೀಕ್ಷೆ ಹಾಗೂ ಸಲಹೆಗಾಗಿ ಮಾಲೀಕರು ತಮ್ಮ ಸಮೀಪದ ಪಶು ಆಸ್ಪತ್ರೆಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು. ಭ್ರೂಣ ವರ್ಗಾವಣೆ ಮಾಡಿಸಲು ಇಚ್ಛಿಸುವವರು ಮೊದಲು ನೋಂದಣಿ ಸಂಸ್ಥೆಯಿಂದ ಲಿಖಿತ ಉತ್ತರ ಪಡೆದು, ಅನಂತರವೇ ಕುದುರೆಯನ್ನು ಗರ್ಭಧಾರಣೆಗೆ ಒಳಪಡಿಸಬೇಕೆಂದು ಕೋರಲಾಗಿದೆ.